ಹೆಪ್ಪಿನ ಹದ, ತೂಕದ ಲೆಕ್ಕ

ತೂಕ ಇಳಿಸಬೇಕೆಂದು ಊಟದ ಲೆಕ್ಕ ಹಿಡಿದವರು ಅನುಮಾನದಿಂದ ನೋಡುವ ಪಾತ್ರೆಗಳಲ್ಲಿ ಮೊಸರಿನ ಪಾತ್ರೆಯೂ ಒಂದು. ಮೇಲೆ ಕಟ್ಟಿದ ದಪ್ಪ ಕೆನೆಯೇ ಅದಕ್ಕೆ ಈ ಅಪವಾದ ತಂದಿದೆ. ಮೊಸರಿನಲ್ಲಿ ಎಷ್ಟು ಕೊಬ್ಬಿರಬೇಕು, ಅದು ಎಷ್ಟು ಗಟ್ಟಿಯಾಗಬೇಕು, ಎಷ್ಟು ಹುಳಿಯೇರಬೇಕು ಎಂಬುದೆಲ್ಲ ಬಹುಮಟ್ಟಿಗೆ ಹೆಪ್ಪು ಹಾಕುವವರ ಕೈಯಲ್ಲೇ ಇರುವುದರಿಂದ, ಪಥ್ಯಕ್ಕೆ ಒಗ್ಗುವ ಮೊಸರಿನ ಆಯ್ಕೆ ಬೆಳಗ್ಗೆ ಮನೆಬಾಗಿಲಿಗೆ ಬರುವ ಹಾಲಿನಿಂದಲೇ ಆರಂಭವಾಗುತ್ತದೆ. ಸಿದ್ಧ ಮೊಸರು ಓಣಿಯ ಅಂಗಡಿಯಲ್ಲೂ ಸಿಗುವ ಈ ಕಾಲದಲ್ಲಿ ಇಂದಿಗೂ ಅನೇಕ ಮನೆಗಳಲ್ಲಿ ರಾತ್ರಿ ಅಡುಗೆಮನೆಯ ದೀಪ ಆರಿಸುವ ಮುನ್ನ ಹೆಪ್ಪು ಹಾಕುವ ರೂಢಿ ಉಳಿದಿದ್ದರೆ ಅದಕ್ಕೆ ಉಳಿತಾಯವೊಂದೇ ಕಾರಣವಾಗಿರಲಾರದು. ಋತುವಿನೊಡನೆ ಬದಲಾಗುವ ಒಂದು ಹದವನ್ನು ಹಿಡಿಯುವ ಸುಖವೂ ಆ ಕೆಲಸದಲ್ಲಿದೆ.

ಭಾರತದಲ್ಲಿ ಪ್ಯಾಕೆಟ್ ಹಾಲನ್ನು ಅದರಲ್ಲಿರುವ ಕೊಬ್ಬು ಮತ್ತು ಕೊಬ್ಬೇತರ ಘನಾಂಶಗಳ ಪ್ರಮಾಣದ ಮೇಲೆ ವಿಂಗಡಿಸಲಾಗುತ್ತದೆ. ಕೊಬ್ಬೇತರ ಘನಾಂಶವೆಂದರೆ ಹಾಲಿನಿಂದ ನೀರನ್ನೂ ಕೊಬ್ಬನ್ನೂ ಕಳೆದ ಮೇಲೆ ಉಳಿಯುವ ಪ್ರೋಟೀನು, ಹಾಲಿನ ಸಹಜ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ಖನಿಜಗಳ ಒಟ್ಟು ಮೊತ್ತ. ಕರ್ನಾಟಕದ ಮನೆಗಳಲ್ಲಿ ನಂದಿನಿಯ ನೀಲಿ ಪ್ಯಾಕೆಟ್ ಎಂದೇ ಪರಿಚಿತವಾದ ಟೋನ್ಡ್ ಹಾಲಿನಲ್ಲಿ ಶೇ. 3ರಷ್ಟು ಕೊಬ್ಬು, ಶೇ. 8.5ರಷ್ಟು ಇತರ ಘನಾಂಶ ಇರುತ್ತವೆ. ಡಬಲ್ ಟೋನ್ಡ್ ಹಾಲಿನಲ್ಲಿ ಇವು ಕ್ರಮವಾಗಿ ಶೇ. 1.5 ಮತ್ತು ಶೇ. 9, ಫುಲ್ ಕ್ರೀಮ್ ಎನ್ನಲಾಗುವ ಕೆನೆಭರಿತ ಹಾಲಿನಲ್ಲಿ ಶೇ. 6 ಮತ್ತು ಶೇ. 9. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಶಕ್ತಿಯೂ ಅಷ್ಟೇ ತೂಕದ ಪ್ರೋಟೀನು ಅಥವಾ ಸಕ್ಕರೆಯಲ್ಲಿ 4 ಕ್ಯಾಲೊರಿಯೂ ಇರುವುದರಿಂದ, 200 ಗ್ರಾಂ ತೂಗುವ ಒಂದು ಬಟ್ಟಲು ಮೊಸರನ್ನು ಕೆನೆಭರಿತ ಹಾಲಿನಿಂದ ಟೋನ್ಡ್ ಹಾಲಿಗೆ ಇಳಿಸಿದರೆ 54 ಕ್ಯಾಲೊರಿ ತಗ್ಗುತ್ತದೆ, ಅಲ್ಲಿಂದ ಡಬಲ್ ಟೋನ್ಡ್‌ಗೆ ಇಳಿದರೆ ಮತ್ತೆ 27. ಮೊದಲಿನ ಇಳಿಕೆ ಖಂಡಿತ ಲಾಭದ್ದು. ಎರಡನೆಯದು ಒಂದೂವರೆ ಚಮಚ ಸಕ್ಕರೆಗಿಂತಲೂ ಕಡಿಮೆ. ಅನ್ನಕ್ಕೆ ಕಲಸುವ ದಿನನಿತ್ಯದ ಮೊಸರಿಗೆ ಇದಕ್ಕೂ ಕೆಳಗಿಳಿದು ಪೂರ್ತಿ ಕೆನೆ ತೆಗೆದ ಹಾಲನ್ನು ಹುಡುಕಿಕೊಂಡು ಹೋಗುವುದು ವ್ಯರ್ಥ ಶ್ರಮವೆಂದೇ ಹೇಳಬೇಕು, ಏಕೆಂದರೆ ನಾಲಿಗೆಗೆ ತೃಪ್ತಿ ಕೊಡದ ತೆಳು ಮೊಸರನ್ನು ಉಂಡೆದ್ದವರ ಕೈ ಸಂಜೆಗೆ ಚಕ್ಕುಲಿ ಡಬ್ಬಿಯ ಕಡೆಗೆ ಹೋಗುವ ಸಾಧ್ಯತೆಯೇ ಹೆಚ್ಚು. ಎಮ್ಮೆಹಾಲಿನ ಗಟ್ಟಿ ಮೊಸರಿಗೆ ಒಗ್ಗಿದ ಉತ್ತರ ಕರ್ನಾಟಕದ ಮನೆಗಳಲ್ಲಿ ಮಾತ್ರ ಈ ಲೆಕ್ಕ ಬೇರೆ. ಆ ಹಾಲಿನ ಕೊಬ್ಬು ಶೇ. 6ನ್ನು ಮೀರುವುದು ಸಾಮಾನ್ಯವಾದ್ದರಿಂದ, ಕಾಸಿ ಆರಿಸಿದ ಹಾಲಿನ ಮೇಲೆ ನಿಂತ ಕೆನೆಯನ್ನು ತೆಗೆದು ಬೇರೆಯಾಗಿ ಇಟ್ಟ ಮೇಲೆಯೇ ಹೆಪ್ಪು ಹಾಕುವುದು ಅಲ್ಲಿ ಜಾಣತನ.

ಹಾಲು ಯಾವುದೇ ಇರಲಿ, ಅದು ಮೊಸರಾಗುವ ಬಗೆ ಒಂದೇ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ; ಆಮ್ಲತೆಯ ಅಳತೆಯಾದ ಪಿಎಚ್ ಸುಮಾರು 4.6ಕ್ಕೆ ಇಳಿಯುವ ಹೊತ್ತಿಗೆ ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು, ನೀರನ್ನೂ ಕೊಬ್ಬನ್ನೂ ಹಿಡಿದಿಡುವ ನವಿರಾದ ಬಲೆಯಾಗುತ್ತವೆ. ಕೊಬ್ಬು ಕಡಿಮೆಯಿರುವ ಹಾಲಿನಲ್ಲಿ ಈ ಬಲೆಗೆ ಆಸರೆ ಕಡಿಮೆ. ಹಾಗಾಗಿ ಡಬಲ್ ಟೋನ್ಡ್ ಹಾಲಿನ ಮೊಸರು ಅಲುಗಿಸಿದರೆ ಒಡೆದು ನೀರು ಬಿಡುತ್ತದೆಂಬ ದೂರು ಸಹಜ. ಇದಕ್ಕೆ ಪರಿಹಾರ ಒಲೆಯ ಮೇಲೆಯೇ ಇದೆ. ಹಾಲು ಉಕ್ಕಿ ಬಂದೊಡನೆ ಇಳಿಸಿಬಿಡದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ, ತಳ ಹಿಡಿಯದಂತೆ ತಿರುವುತ್ತ ಕಾಯಿಸಿದರೆ ಸ್ವಲ್ಪ ನೀರು ಆವಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, 85 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವಿನಲ್ಲಿ ಹಾಲೊಡಕಿನ ಪ್ರೋಟೀನುಗಳು, ಅಂದರೆ ಹಾಲು ಹೆಪ್ಪುಗಟ್ಟಿದ ಮೇಲೆಯೂ ತಿಳಿನೀರಿನಲ್ಲೇ ಕರಗಿ ಉಳಿಯುವ ಪ್ರೋಟೀನುಗಳು, ತಮ್ಮ ಸುರುಳಿ ಬಿಚ್ಚಿ ಕೇಸಿನ್ನಿಗೆ ಅಂಟಿಕೊಂಡು ಬಲೆಯನ್ನು ಬಿಗಿಗೊಳಿಸುತ್ತವೆ. ಲೀಟರಿಗೆ ಎರಡು ಚಮಚ ಕೆನೆರಹಿತ ಹಾಲಿನ ಪುಡಿಯನ್ನು ಕದಡಿದರೆ ಬಿಗಿಯೂ ಪ್ರೋಟೀನೂ ಇನ್ನಷ್ಟು ಹೆಚ್ಚುತ್ತವೆ. ಕಾರ್ಖಾನೆಗಳು ಮಾಡುವುದೂ ಬಹುಮಟ್ಟಿಗೆ ಇದನ್ನೇ.

ಮುಂದಿನದು ಕೈಯ ಅಂದಾಜಿಗೆ ಬಿಟ್ಟ ವಿಷಯ. ಹಾಲು ಸುಮಾರು 40 ಡಿಗ್ರಿಗೆ ಆರಬೇಕು. ಉಷ್ಣಮಾಪಕವಿಲ್ಲದ ಅಡುಗೆಮನೆಯಲ್ಲಿ ಇದನ್ನು ಉಗುರುಬೆಚ್ಚಗೆ ಎಂಬ ಒಂದೇ ಮಾತು ಹೇಳಿ ಮುಗಿಸುತ್ತದೆ. ಹೆಚ್ಚು ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ, ತೀರ ಆರಿದ್ದರೆ ಮೊಸರು ತಡವಾಗಿ ಕಟ್ಟುವುದಲ್ಲದೆ ಎಷ್ಟೋ ಸಲ ಲೋಳೆ ಬರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅರ್ಧ ಚಮಚ ಹೆಪ್ಪೇ ಸಾಕಾದರೆ, ಮಡಿಕೇರಿಯ ಚಳಿಯಲ್ಲಿ ಎರಡು ಚಮಚ ಹಾಕಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ, ಒಲೆಯ ಪಕ್ಕದಲ್ಲಿ ಇಡಬೇಕಾಗುತ್ತದೆ. ಹೆಪ್ಪೇ ಇಲ್ಲದಾಗ ಒಣಮೆಣಸಿನಕಾಯಿಯ ತೊಟ್ಟುಗಳನ್ನು ಹಾಲಿಗೆ ಹಾಕಿ ಹೊಸ ಹೆಪ್ಪು ಕಟ್ಟಿಸುವ ಉಪಾಯವೂ ಹಳಬರಿಗೆ ಗೊತ್ತು. ಮೊಸರು ಕಟ್ಟಿದ ಕೂಡಲೇ ತಂಪಿಗೆ ಸೇರಿಸಿದರೆ ಸಿಹಿಮೊಸರು, ಹೊರಗೇ ಬಿಟ್ಟರೆ ಹುಳಿಮೊಸರು. ಹುಳಿಯಾದಷ್ಟೂ ಸಕ್ಕರೆ ಕಳೆದು ಮೊಸರು ಹಗುರವಾಗುತ್ತದೆಂಬ ನಂಬಿಕೆಯನ್ನು ಮಾತ್ರ ಹೆಚ್ಚು ಎಳೆಯಬಾರದು, ಏಕೆಂದರೆ ಬ್ಯಾಕ್ಟೀರಿಯಾಗಳು ಬಳಸುವುದು ಲ್ಯಾಕ್ಟೋಸಿನ ಒಂದು ಸಣ್ಣ ಪಾಲನ್ನು, ಅದರಿಂದ ಹುಟ್ಟುವ ಆಮ್ಲಕ್ಕೂ ತನ್ನದೇ ಕ್ಯಾಲೊರಿಗಳಿವೆ.

ಪಥ್ಯದ ಪುಸ್ತಕಗಳು ಗ್ರೀಕ್ ಯೋಗರ್ಟ್ ಎಂದು ಕೊಂಡಾಡುವ ಗಟ್ಟಿ ಮೊಸರು ಸೋಸಿದ ಮೊಸರೇ. ಶ್ರೀಖಂಡಕ್ಕಾಗಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವ ಮನೆಗಳಿಗೆ ಇದು ಹೊಸ ವಿದ್ಯೆಯಲ್ಲ. ಆದರೆ ಇಲ್ಲಿ ಅನೇಕರು ಗಮನಿಸದ ಒಂದು ಲೆಕ್ಕವಿದೆ. ಒಂದು ಲೀಟರ್ ಟೋನ್ಡ್ ಹಾಲಿನಲ್ಲಿ ಸುಮಾರು 30 ಗ್ರಾಂ ಕೊಬ್ಬು, ಹೆಚ್ಚುಕಡಿಮೆ ಅಷ್ಟೇ ಪ್ರೋಟೀನು, ಅದಕ್ಕೂ ಮಿಗಿಲಾಗಿ ಲ್ಯಾಕ್ಟೋಸ್ ಇರುತ್ತವೆ; ಅದರ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಅರ್ಧ ತೂಕಕ್ಕೆ ಇಳಿಸಿದಾಗ ಲ್ಯಾಕ್ಟೋಸಿನ ದೊಡ್ಡ ಪಾಲು ತಿಳಿನೀರಿನೊಡನೆ ಹರಿದುಹೋಗುತ್ತದೆ, ಪ್ರೋಟೀನಿನ ಹೆಚ್ಚಿನ ಪಾಲು ಬಟ್ಟೆಯಲ್ಲೇ ನಿಲ್ಲುತ್ತದೆ, ಕೊಬ್ಬಂತೂ ಸರಿಸುಮಾರು ಇಡಿಯಾಗಿ ಉಳಿಯುತ್ತದೆ. ಅಂದರೆ ಶೇ. 3 ಕೊಬ್ಬಿನ ಹಾಲು ಸೋಸಿದ ಮೊಸರಾಗುವಷ್ಟರಲ್ಲಿ ಶೇ. 6ರ ಹತ್ತಿರ ಹೋಗಿ ಕೆನೆಭರಿತ ಹಾಲಿಗೆ ಸಮನಾಗಿರುತ್ತದೆ. ಡಬಲ್ ಟೋನ್ಡ್ ಹಾಲಿಗೆ ನಿಜವಾದ ಕೆಲಸವಿರುವುದು ಇಲ್ಲಿ: ಅದನ್ನು ಹೆಪ್ಪುಹಾಕಿ ಸೋಸಿದರೆ ಟೋನ್ಡ್ ಹಾಲಿನಷ್ಟೇ ಕೊಬ್ಬು, ಅದರ ಒಂದೂಮುಕ್ಕಾಲರಷ್ಟು ಪ್ರೋಟೀನು, ಚಮಚ ನಿಲ್ಲಿಸಿದರೆ ನಿಲ್ಲುವ ಗಟ್ಟಿತನ, ಎಲ್ಲವೂ ಒಟ್ಟಿಗೆ ದೊರೆಯುತ್ತವೆ. ಸೋಸುವ ಕೆಲಸ ತಂಪುಪೆಟ್ಟಿಗೆಯೊಳಗೆ, ಜರಡಿಯ ಕೆಳಗೆ ಪಾತ್ರೆಯಿಟ್ಟು ನಡೆದರೆ ಹುಳಿಯೇರುವ ಭಯವಿಲ್ಲ. ಹಸಿರು ಛಾಯೆಯ ಆ ತಿಳಿನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇಳಿದಿರುವುದರಿಂದ ಅದನ್ನು ಚೆಲ್ಲದೆ ಚಪಾತಿ ಹಿಟ್ಟು ಕಲಸಲೋ ಸಾರಿಗೋ ಬಳಸುವುದು ಒಳ್ಳೆಯದು. ಪ್ರೋಟೀನಿನ ಮೇಲೆ ಇಷ್ಟು ಒತ್ತು ಏಕೆಂದರೆ, ಅದು ಸಕ್ಕರೆಗಿಂತ ಹೆಚ್ಚು ಹೊತ್ತು ಹಸಿವನ್ನು ತಡೆಯುತ್ತದೆ, ಮತ್ತು ತೂಕ ಇಳಿಯುವಾಗ ಕೊಬ್ಬಿನೊಡನೆ ಸ್ನಾಯುವೂ ಕರಗದಂತೆ ಕಾಯಲು ನೆರವಾಗುತ್ತದೆ.

ಅಂಗಡಿಯ ಮೊಸರನ್ನೇ ನೆಚ್ಚಿದವರಿಗೆ ಕೊಬ್ಬಿಗಿಂತ ಸಕ್ಕರೆಯೇ ದೊಡ್ಡ ಶತ್ರು. ಜಿನೀವಾದಲ್ಲಿ ಓದುತ್ತಿದ್ದ ಬಲ್ಗೇರಿಯದ ವಿದ್ಯಾರ್ಥಿ ಸ್ಟಾಮೆನ್ ಗ್ರಿಗೊರೊವ್ 1905ರಲ್ಲಿ ತನ್ನ ನಾಡಿನ ಮೊಸರಿನಲ್ಲಿದ್ದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು, ಆ ಮೊಸರೇ ದೀರ್ಘಾಯುಷ್ಯದ ಗುಟ್ಟೆಂದು 1908ರ ನೊಬೆಲ್ ಪುರಸ್ಕೃತ ವಿಜ್ಞಾನಿ ಎಲೀ ಮೆಚ್ನಿಕಾಫ್ ಸಾರಿದ್ದು, ಐಸಾಕ್ ಕರಾಸೊ 1919ರಲ್ಲಿ ಬಾರ್ಸಿಲೋನಾದಲ್ಲಿ ಡಾನೋನ್ ಸಂಸ್ಥೆ ಆರಂಭಿಸಿದ್ದು, ಎಲ್ಲವೂ ಸಪ್ಪೆ ಮೊಸರಿನ ಕಥೆಯೇ. ಹುಳಿಯನ್ನು ಒಲ್ಲದ ಅಮೆರಿಕನ್ನರಿಗಾಗಿ ಅದೇ ಸಂಸ್ಥೆಯ ಅಲ್ಲಿನ ಶಾಖೆ 1947ರಲ್ಲಿ ಬಟ್ಟಲಿನ ತಳಕ್ಕೆ ಸ್ಟ್ರಾಬೆರಿ ಪಾಕ ಸೇರಿಸಿದ ಮೇಲೆ ಮೊಸರು ಸಿಹಿತಿಂಡಿಗಳ ಸಾಲಿಗೂ ಸೇರಿತು. ಸಪ್ಪೆ ಮೊಸರಿನ 100 ಗ್ರಾಂನಲ್ಲಿ 4 ಗ್ರಾಂನಷ್ಟು ಸಕ್ಕರೆ ತೋರಿದರೆ ಅದು ಹಾಲಿನದೇ ಲ್ಯಾಕ್ಟೋಸ್, ಅದಕ್ಕೆ ಹೆದರಬೇಕಾಗಿಲ್ಲ. ನೋಡಬೇಕಾದ್ದು ಸೇರಿಸಿದ ಸಕ್ಕರೆಯ ಸಾಲನ್ನು. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಒಟ್ಟು ಸಕ್ಕರೆಯನ್ನೂ ಸೇರಿಸಿದ ಸಕ್ಕರೆಯನ್ನೂ ಬೇರೆಬೇರೆಯಾಗಿ ಮುದ್ರಿಸಲು ಹೇಳಿರುವುದರಿಂದ ಇದು ಈಗ ಕಷ್ಟವಲ್ಲ. ಹಣ್ಣಿನ ಚಿತ್ರವಿರುವ, ಕೊಬ್ಬಿಲ್ಲವೆಂದು ದೊಡ್ಡ ಅಕ್ಷರದಲ್ಲಿ ಬರೆದ ಬಟ್ಟಲಿನಲ್ಲಿ ಆ ಅಂಕಿ 10 ಗ್ರಾಂ ದಾಟಿದ್ದರೆ, ಕೈಬಿಟ್ಟ ಕೊಬ್ಬಿನ ಜಾಗಕ್ಕೆ ಸಕ್ಕರೆ ಬಂದು ಕೂತಿದೆ ಎಂದೇ ಅರ್ಥ.

ಹಾಗಾದರೆ ಮೊಸರು ತಿಂದರೆ ತೂಕ ಇಳಿಯುತ್ತದೆಯೇ ಎಂದರೆ, ಹಾಗೆ ಹೇಳಲು ಬರುವುದಿಲ್ಲ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2011ರಲ್ಲಿ ಪ್ರಕಟಿಸಿದ, 1,20,000ಕ್ಕೂ ಹೆಚ್ಚು ಅಮೆರಿಕನ್ನರನ್ನು ಒಳಗೊಂಡ ಅಧ್ಯಯನದಲ್ಲಿ ಯೋಗರ್ಟ್ ಸೇವನೆ ಹೆಚ್ಚಿಸಿಕೊಂಡವರ ತೂಕ ನಾಲ್ಕು ವರ್ಷಗಳ ಅವಧಿಯಲ್ಲಿ ಉಳಿದವರಿಗಿಂತ ತುಸು ಕಡಿಮೆ ಏರಿದ್ದು ಕಂಡುಬಂದಿತಾದರೂ, ಅದು ವೀಕ್ಷಣೆಯ ಅಧ್ಯಯನ. ಯೋಗರ್ಟ್ ತಿನ್ನುವವರು ಬೇರೆ ವಿಷಯಗಳಲ್ಲೂ ಎಚ್ಚರದವರಾಗಿರಬಹುದು.

ಕಡೆಗೆ ಫಲವನ್ನು ನಿರ್ಧರಿಸುವುದು ಮೊಸರಿನ ಸಂಗಾತಿಗಳು. ಮೊಸರನ್ನದ ಒಂದು ದೊಡ್ಡ ತಟ್ಟೆಯಲ್ಲಿ 200 ಗ್ರಾಂ ಅನ್ನದ ಪಾಲು ಸುಮಾರು 260 ಕ್ಯಾಲೊರಿ, ಅಷ್ಟೇ ತೂಕದ ಟೋನ್ಡ್ ಹಾಲಿನ ಮೊಸರಿನದು 120ರ ಆಸುಪಾಸು, ಎರಡು ಚಮಚ ಎಣ್ಣೆಯ ಒಗ್ಗರಣೆಯದು 90. ಆದರೂ ಬೈಗುಳ ಮೊಸರಿಗೇ ಬೀಳುತ್ತದೆ. ಅನ್ನವನ್ನು ಅರ್ಧಕ್ಕೆ ಇಳಿಸಿ ಸೌತೆಕಾಯಿ, ಕ್ಯಾರೆಟ್ ತುರಿ, ದಾಳಿಂಬೆ ಬೆರೆಸಿದರೆ ತಟ್ಟೆ ತುಂಬಿಯೇ ಇರುತ್ತದೆ. ಜೋಳದ ರೊಟ್ಟಿಯೊಡನೆ ಗಟ್ಟಿ ಮೊಸರು ಒಳ್ಳೆಯ ಜೋಡಿ, ಶೇಂಗಾ ಚಟ್ನಿಪುಡಿಯನ್ನು ಮಾತ್ರ ಕೈ ಬಿಗಿಹಿಡಿದು ಹಾಕಿಕೊಳ್ಳಬೇಕು. ಒಂದೆಲಗ, ದೊಡ್ಡಪತ್ರೆಗಳನ್ನು ಅರೆದು ಮಜ್ಜಿಗೆಯಲ್ಲಿ ಕದಡುವ ಮಲೆನಾಡಿನ ತಂಬುಳಿಯಲ್ಲಿ ತೆಂಗಿನಕಾಯಿ ಕಡಿಮೆ ಮಾಡಿದರೆ ಅದಕ್ಕಿಂತ ಹಗುರವಾದ ಮೇಲೋಗರ ಸಿಗುವುದು ಕಷ್ಟ. ನೀರುಮಜ್ಜಿಗೆಯಂತೂ ಲೆಕ್ಕಕ್ಕೇ ಸಿಗದಷ್ಟು ಹಗುರ: 50 ಗ್ರಾಂ ಮೊಸರಿಗೆ ಮೂರುಪಾಲು ನೀರು ಸೇರಿಸಿ ಕಡೆದು ಶುಂಠಿ, ಕರಿಬೇವು, ಚಿಟಿಕೆ ಉಪ್ಪು ಹಾಕಿದ ಒಂದು ಲೋಟದಲ್ಲಿ 30 ಕ್ಯಾಲೊರಿ ಇದ್ದರೆ ಹೆಚ್ಚು, ಅದೇ ಮೊಸರಿಗೆ ನಾಲ್ಕು ಚಮಚ ಸಕ್ಕರೆ ಬಿದ್ದು ಲಸ್ಸಿಯಾದರೆ ಸಕ್ಕರೆಯದೇ 80.