ಕ್ಯಾಮೆರಾ ಯಾಮಾರಿಸುವ ಬಗೆ

1
ಕೊಳ್ಳೇಗಾಲ. ಬಸ್ ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿ ಒಂದು ಗಡಿಯಾರ ರಿಪೇರಿ ಅಂಗಡಿ. ಬೋರ್ಡಿನಲ್ಲಿ ಕ್ಯಾಮೆರಾ ಎಂಬ ಮಾತಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ವಾಚಿನ ಬೆಲ್ಟುಗಳು ತೂಗುತ್ತಿವೆ. ಅವುಗಳ ಹಿಂದೆ ಒಂಬತ್ತು ಕ್ಯಾಮೆರಾ, ಒಂಬತ್ತೂ ರಸ್ತೆಗೆ ಬೆನ್ನು ಹಾಕಿವೆ. ಲೆನ್ಸಿಗೆ ಬಿಸಿಲು ಬೀಳಬಾರದೆಂದೋ, ದಾರಿಹೋಕರು ಬೆಲೆ ಕೇಳಬಾರದೆಂದೋ ತಿಳಿಯಲಿಲ್ಲ.

2
ಮೇಜಿನ ಮೇಲಿನ ಸಾಮಾನು: ಚಿಮುಟ, ವಾಚಿನ ಸ್ಕ್ರೂಡ್ರೈವರ್ ಆರು, ಬೆಂಕಿಕಡ್ಡಿ, ಸ್ಪಿರಿಟ್, ಹೊಲಿಗೆ ಮಿಷನ್ನಿನ ಎಣ್ಣೆ, ಸೈಕಲ್ ಟ್ಯೂಬಿನ ತುಂಡು, ಕರಿ ಉಲ್ಲನ್ ದಾರ. ಮಕ್ಕಳ ಊಟದ ಡಬ್ಬಿಯಲ್ಲಿ ಸ್ಕ್ರೂಗಳು. ಕ್ಯಾಮೆರಾಕ್ಕೆಂದೇ ಮಾಡಿದ ಉಪಕರಣ ಒಂದೂ ಇಲ್ಲ.

3
ರಿಪೇರಿಯವರು ಹೆಚ್ಚು ಆಡುವ ಮಾತು: ಯಾಮಾರಿಸು. ರಿಪೇರಿ ಎಂಬುದು ಬೋರ್ಡಿನ ಮೇಲೆ ಮಾತ್ರ. "ಒಸಿ ಯಾಮಾರಿಸ್ಬೇಕು ಸಾ. ನ್ಯಾಯವಾಗಿ ಕೇಳುದ್ರೆ ಅದು ಏನೂ ಕೊಡಕಿಲ್ಲ."

4
ಯಾಷಿಕಾ ಎಲೆಕ್ಟ್ರೊ 35. ಮೊದಲ ಮಾದರಿ ಬಂದದ್ದು 1966ರಲ್ಲಿ. ಇಲ್ಲಿರುವುದು ಜಿಎಸ್‌ಎನ್, 1973ರ ನಂತರದ್ದು. ಇದಕ್ಕೆ 5.6 ವೋಲ್ಟಿನ ಪಾದರಸದ ಬ್ಯಾಟರಿ ಬೇಕು. ಅದು ಈಗ ಸಿಗುವುದಿಲ್ಲ. ಸಿಗುವುದು 6 ವೋಲ್ಟಿನದು, ಉದ್ದ ಸಾಲದು. ಉಳಿದ ಜಾಗಕ್ಕೆ ಬಾಲ್‌ಪೆನ್ನಿನ ಸ್ಪ್ರಿಂಗು, ಸುತ್ತ ಕ್ಯಾಲೆಂಡರಿನ ರಟ್ಟು. ಸುರುಳಿ ಸುತ್ತಿದ ರಟ್ಟಿನ ಹೊರಮೈಯಲ್ಲಿ ಒಂದು ಅಮಾವಾಸ್ಯೆಯ ಕಪ್ಪು ಬೊಟ್ಟು ಕಾಣುತ್ತಿತ್ತು.

5
ಅದೇ ಕ್ಯಾಮೆರಾ. ಬ್ಯಾಟರಿ ತೆಗೆದರೂ ಶಟರ್ ಬೀಳುತ್ತದೆ. ಆಗ ಒಂದೇ ವೇಗ, ಸೆಕೆಂಡಿನ 500ರಲ್ಲಿ ಒಂದು ಭಾಗ. ಬಿಸಿಲಿದ್ದರೆ ಅಷ್ಟು ಸಾಕು. ಹತ್ತಿರದ ಹನೂರಿನ ಕಡೆ ಬಿಸಿಲಿಗೇನೂ ಬರವಿಲ್ಲ.

6
ಯಾಷಿಕಾದ ಲಿವರ್ ಎಳೆದಾಗ ಒಳಗೆ ಟಕ್ ಎನ್ನಬೇಕು. ಎನ್ನದಿದ್ದರೆ ಒಂದು ರಬ್ಬರು ಕರಗಿದೆ ಎಂದು ಅರ್ಥ. ಉಗುರಿಗಿಂತ ಚಿಕ್ಕ ತುಂಡು. ಅದು ಹೋದರೆ ಕ್ಯಾಮೆರಾದ ಬೆಳಕಿನ ಲೆಕ್ಕವೇ ತಪ್ಪುತ್ತದೆ. ಹೊರದೇಶದ ರಿಪೇರಿಯವರು ಈ ತುಂಡಿಗೆ ಸಾವಿನ ಮೆತ್ತೆ ಎಂಬರ್ಥದ ಹೆಸರಿಟ್ಟಿದ್ದಾರೆ. ಇಲ್ಲಿ ಅದರ ಜಾಗಕ್ಕೆ ಸೈಕಲ್ ಟ್ಯೂಬು. ಹಾಕಿ ಮುಚ್ಚಿ, ಕ್ಯಾಮೆರಾವನ್ನು ಕಿವಿಗೆ ಹಿಡಿದು ಲಿವರ್ ಎಳೆದರು. ನನಗೂ ಕೊಟ್ಟರು. ಟಕ್.

7
ನಿಕಾನ್ ಎಫ್‌ಇ, 1978. ವೇಗದ ಗುಂಡಿಯ ಮೇಲೆ ಎಂ90 ಎಂಬ ಗುರುತು. ಬ್ಯಾಟರಿ ಸತ್ತರೂ ಅಲ್ಲಿ ಶಟರ್ ಬೀಳುತ್ತದೆ. ಪೆಂಟ್ಯಾಕ್ಸ್ ಎಂಇ ಸೂಪರ್‌ನಲ್ಲಿ ಅದೇ ಕೆಲಸಕ್ಕೆ 125ಎಕ್ಸ್. ಕೈಪಿಡಿಯಲ್ಲಿ ಇದೆಲ್ಲ ಬರೆದಿದೆ. ಎಫ್‌ಇ ತಂದವರು ಇಪ್ಪತ್ತು ವರ್ಷ ಮದುವೆ ಫೋಟೊ ಹೊಡೆದವರು. ಬ್ಯಾಟರಿ ಮುಗಿದ ದಿನವೆಲ್ಲ ಅಣ್ಣನ ಕ್ಯಾಮೆರಾ ಕೇಳಿ ತಂದಿದ್ದರಂತೆ. ಗುರುತು ತೋರಿಸಿದಾಗ ಅವರು ಸುಮ್ಮನೆ ಕುಳಿತರು, ಆಮೇಲೆ ಟೀ ಹೇಳಿದರು.

8
ಪಾದರಸದ ಸಣ್ಣ ಬ್ಯಾಟರಿ 1.35 ವೋಲ್ಟು. ಅದರ ಬದಲಿಗೆ ಕಿವಿಯ ಮಿಷನ್ನಿನ ಬ್ಯಾಟರಿ, 1.4 ವೋಲ್ಟು. ಅಂಟಿದ ಚೀಟಿ ಕಿತ್ತ ಮೇಲೆ ಗಾಳಿ ಹೋಗಿ ಜೀವ ಬರುತ್ತದೆ. ಒಮ್ಮೆ ಕಿತ್ತರೆ ಬಳಸಲಿ ಬಿಡಲಿ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಮೆಡಿಕಲ್ ಸ್ಟೋರಿನವರು ನನ್ನನ್ನು ಕೇಳಿದರು: "ಮನೇಲಿ ಯಾರಿಗೆ ಕಿವಿ ಕೇಳಲ್ಲ?" ಕ್ಯಾಮೆರಾಕ್ಕೆ ಎಂದೆ. ಅವರು ದನಿ ಏರಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು.

9
ಕ್ಯಾನನ್ ಎಇ-1, 1976. ಕೆಮ್ಮುತ್ತದೆ. ಬಟನ್ ಒತ್ತಿದರೆ ಮೊದಲು ಕೀಚಲು ದನಿ, ಆಮೇಲೆ ಶಟರ್. ಕನ್ನಡಿಯನ್ನು ಎತ್ತಿ ಇಳಿಸುವ ಜಾಗದ ಒಂದು ಹಲ್ಲುಚಕ್ರ ಒಣಗಿದೆ. ಅದಕ್ಕೆ ಸೂಜಿಯಲ್ಲಿ ಒಂದು ಹನಿ ಎಣ್ಣೆ. ಎರಡು ಹನಿಯಾದರೆ ಎಣ್ಣೆ ಹರಿದು ಬೇರೆ ಕಡೆ ಹೋಗುತ್ತದೆ. ಒಂದು ಹನಿಗೆ ಅವರು ತೆಗೆದುಕೊಂಡ ಹೊತ್ತು: ಒಂದು ಗಂಟೆ ಹತ್ತು ನಿಮಿಷ.

10
ಕೊಳ್ಳೇಗಾಲ ಎಂದರೆ ಹೊರಗಿನವರು ಮಾಟ ಎನ್ನುತ್ತಾರೆ. ಊರಿನವರು ರೇಷ್ಮೆ ಎನ್ನುತ್ತಾರೆ.

11
ಪೆಂಟ್ಯಾಕ್ಸ್ ಕೆ1000. 1976ರಿಂದ 1997ರ ತನಕ ತಯಾರಾಯಿತು. ಬ್ಯಾಟರಿ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ. ಆ ಮೀಟರಿಗೆ ಸ್ವಿಚ್ಚಿಲ್ಲ. ಲೆನ್ಸಿನ ಮುಚ್ಚಳ ಹಾಕಿದರೆ ಅದು ಮಲಗುತ್ತದೆ. ಮುಚ್ಚಳ ಕಳೆದುಕೊಂಡವರ ಬ್ಯಾಟರಿ ಬೇಗ ಮುಗಿಯುತ್ತದೆ. ಇಲ್ಲಿಗೆ ಬಂದಿರುವ ಎರಡು ಕೆ1000ಕ್ಕೂ ಮುಚ್ಚಳವಿಲ್ಲ. ಒಂದಕ್ಕೆ ಹಾರ್ಲಿಕ್ಸ್ ಮುಚ್ಚಳ ಕಟ್ಟಿದ್ದಾರೆ.

12
ಕೆ1000ರ ಲೆನ್ಸ್ ತಿರುಗಿಸಿ ತೆಗೆದರೆ ಒಳಗೆ ಕನ್ನಡಿ. ಕನ್ನಡಿಯ ಹಿಂದೆ ಕಪ್ಪು ಪರದೆ. ರೀಲಿಗೂ ಬೆಳಕಿಗೂ ನಡುವೆ ಇರುವುದು ಅದೊಂದೇ. ಪರದೆಯ ಬಟ್ಟೆ ರೇಷ್ಮೆ, ಮೇಲೆ ರಬ್ಬರಿನ ಲೇಪ.

13
ರಿಪೇರಿಯವರ ತಂದೆ ಮಗ್ಗದ ಕೆಲಸದವರು. ಇದನ್ನು ಅವರು ಬೇರೆ ಯಾವುದೋ ಮಾತಿನ ನಡುವೆ ಹೇಳಿದರು.

14
ಬೆಳಕು ಸೋರುವ ಕ್ಯಾಮೆರಾ. ಹಿಂಬಾಗಿಲಿನ ಅಂಚಿನಲ್ಲಿ ಸ್ಪಂಜಿನ ಪಟ್ಟಿ ಇರುತ್ತದೆ. ನಲವತ್ತು ವರ್ಷಕ್ಕೆ ಅದು ಸ್ಪಂಜಲ್ಲ, ಡಾಂಬರು. ಬೆರಳಿಗೆ ಅಂಟಿದರೆ ಸಾಬೂನಿಗೆ ಹೋಗುವುದಿಲ್ಲ. ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯನ್ನು ಜಗಿದು ಕುಂಚ ಮಾಡಿ, ಸ್ಪಿರಿಟ್ಟಿನಲ್ಲಿ ಅದ್ದಿ, ಅಂಗುಲ ಅಂಗುಲ ಕೆರೆದರು. ಕೆರೆದದ್ದು ಒಳಗೆ ಬೀಳಬಾರದು, ಪರದೆಗೆ ತಾಗಬಾರದು. ಅದಕ್ಕೆ ಕ್ಯಾಮೆರಾವನ್ನು ತಲೆಕೆಳಗು ಹಿಡಿದು ಕೆಳಗಿನಿಂದ ಕೆಲಸ. ಹದಿನಾರು ಕಡ್ಡಿ ಖರ್ಚಾದವು, ನಾನು ಎಣಿಸಿದೆ. ಪಟ್ಟಿಯಿದ್ದ ಸಂದಿನೊಳಗೆ ಕರಿ ಉಲ್ಲನ್ ದಾರ, ಕೀಲಿನ ಪಕ್ಕ ರವಿಕೆ ಹೊಲಿಯುವವರ ಅಂಗಡಿಯಿಂದ ತಂದ ವೆಲ್ವೆಟ್ ಚೂರು. ಮುಚ್ಚಿದಾಗ ಬಾಗಿಲಿನ ಸದ್ದು ಬದಲಾಗಿತ್ತು. ಮೊದಲು ಡಬ್ಬಿ ಮುಚ್ಚಿದ ಹಾಗೆ, ಈಗ ಪುಸ್ತಕ ಮುಚ್ಚಿದ ಹಾಗೆ.

15
ಹನೂರು. ಬಾಗಿಲು ಹಾಕಿದ ಸ್ಟುಡಿಯೊ, ಹಿಂದೆ ಮನೆ. ಸ್ಟುಡಿಯೊದ ಅಜ್ಜ ಒಂದು ಆಲ್ಬಮ್ ತೆಗೆದರು. ಹಳೆಯ ಒಂದು ಫೋಟೊದ ಹಿಂದೆ ಸೀಲು: ಕೊಳ್ಳೇಗಾಲ, ಕೊಯಮತ್ತೂರು ಜಿಲ್ಲೆ. 1956ರ ತನಕ ಇದು ಮದ್ರಾಸಿಗೆ ಸೇರಿದ ಸೀಮೆ. ಫೋಟೊದಲ್ಲಿ ಯಾರೆಂದು ಅಜ್ಜನಿಗೂ ತಿಳಿಯದು. ಸೀಲಿಗಾಗಿ ಇಟ್ಟುಕೊಂಡಿದ್ದಾರೆ.

16
ಅವರು ಎರಡು ಸಲ ಹೊಡೆಯುವ ಬಗೆ ಹೇಳಿಕೊಟ್ಟರು. ಎಡಗಡೆಯ ಹ್ಯಾಂಡಲ್ ಬಿಗಿ ಹಿಡಿ. ಅಡಿಯ ಸಣ್ಣ ಗುಂಡಿ ಒತ್ತು. ಬಿಡದೆ ಲಿವರ್ ಎಳೆ. ಶಟರ್ ಎದ್ದು ನಿಲ್ಲುತ್ತದೆ, ರೀಲು ಕದಲುವುದಿಲ್ಲ. ಅದೇ ಜಾಗದ ಮೇಲೆ ಇನ್ನೊಂದು ಚಿತ್ರ. ಆ ಗುಂಡಿ ಇರುವುದು ರೀಲು ಹಿಂದಕ್ಕೆ ಸುತ್ತಲು.

17
ರಾಜ್‌ಕುಮಾರ್ ಮೂರು ಪಾತ್ರ ಮಾಡಿದ 'ಶಂಕರ್ ಗುರು' 1978ರದು. ಆ ಮೇಲೆ ಡಬಲ್ ಆ್ಯಕ್ಟಿಂಗ್ ಫೋಟೊ ಕೇಳುವವರು ಹೆಚ್ಚಿದರು ಎಂದರು ಅಜ್ಜ. ಲೆನ್ಸಿನ ಅರ್ಧಕ್ಕೆ ಕರಿ ರಟ್ಟು. ಎಡಕ್ಕೆ ಕೂರಿಸಿ ಒಂದು, ರಟ್ಟು ತಿರುಗಿಸಿ ಬಲಕ್ಕೆ ಕೂರಿಸಿ ಒಂದು. ಒಬ್ಬನೇ ಮನುಷ್ಯ ತನಗೆ ತಾನೇ ಟೀ ಕೊಡುತ್ತಿರುವ ಫೋಟೊ ತೋರಿಸಿದರು. ಇಬ್ಬರ ನಡುವೆ ಮೇಲಿಂದ ಕೆಳಗೆ ಮಸುಕು ಗೆರೆ. ಟೀ ಕಪ್ಪು ಇರುವುದು ಒಂದೇ.

18
ಬೇಕೆಂದು ಹೊಡೆಯದ ಇನ್ನೊಂದು. ಮಾದಪ್ಪನ ಬೆಟ್ಟ, ಡಬ್ಬಿ ಕ್ಯಾಮೆರಾ. ರೀಲು ಉರುಳಿಸಲು ಮರೆತಿದ್ದಾರೆ. ಒಂದೇ ಚೌಕದಲ್ಲಿ ಒಂದೇ ಮಗು ಎರಡು ಸಲ, ಮುಡಿ ಕೊಡುವ ಮೊದಲು ಮತ್ತು ಕೊಟ್ಟ ಮೇಲೆ. ಕೂದಲಿನ ಒಳಗಿಂದ ಬೋಳು ತಲೆ ಕಾಣುತ್ತದೆ. ಮನೆಯವರು ಇದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದಾರೆ. ಮಗುವಿಗೆ ಈಗ ಐವತ್ತು ದಾಟಿದೆ.

19
36ರ ರೀಲಿನಲ್ಲಿ ಅಜ್ಜ 38 ಹೊಡೆಯುತ್ತಿದ್ದರು. ಹಗಲಿನಲ್ಲಿ ಹಾಕಿದರೆ ರೀಲಿನ ನಾಲಿಗೆ ಬೆಳಕಿಗೆ ಸುಡುತ್ತದೆ. ಕತ್ತಲಲ್ಲಿ ಹಾಕಿದರೆ ನಾಲಿಗೆಯ ಮೇಲೂ ಚಿತ್ರ. ಹೆಚ್ಚಿನ ಎರಡು ಯಾರದ್ದು ಎಂದೆ. "ನಮ್ಮನೆವ್ರುದು." ಹೆಂಡತಿಯ ಫೋಟೊಗಳೆಲ್ಲ ಹಾಗೆ ಬೇರೆಯವರ ಮದುವೆಯ ರೀಲಿನ ಮೊದಲಲ್ಲೋ ಕೊನೆಯಲ್ಲೋ.

20
1997ರ ಅಕ್ಟೋಬರಿನಲ್ಲಿ ಕಾಡುಗಳ್ಳ ವೀರಪ್ಪನ್ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿಯರನ್ನು ಬಂಡೀಪುರದಿಂದ ಹಿಡಿದೊಯ್ದು ಹದಿನಾಲ್ಕು ದಿನ ಇಟ್ಟುಕೊಂಡಿದ್ದ. ಆ ವರ್ಷಗಳ ಒಂದು ರಾತ್ರಿ ಹನೂರಿನ ಅಜ್ಜ ಮದುವೆ ಮುಗಿಸಿ ಕಾಡಿನ ರಸ್ತೆಯಲ್ಲಿ ಬರುತ್ತಿದ್ದರು. ತಡೆದು, ಡಬ್ಬಿ ತೆಗೆದು ತೋರಿಸು ಎಂದರಂತೆ. ತೆಗೆದರೆ ಮದುವೆ ಹೋಯಿತು. ಅಜ್ಜ ಬಾಗಿಲು ತೆಗೆಯಲಿಲ್ಲ, ಲೆನ್ಸ್ ಕಳಚಿ ಒಳಗೆ ಟಾರ್ಚು ಬಿಡಿ ಎಂದರು. ನೋಡಿದರು, ಬಿಟ್ಟರು. ಕೆ1000.
ತಡೆದವರು ಯಾರು ಎಂದು ಕೇಳಿದೆ.
"ಬಂದೂಕದವರು."

21
ಬೂಷ್ಟು ಹಿಡಿದ ಲೆನ್ಸು. ಬೆಳಕಿಗೆ ಹಿಡಿದರೆ ಒಳಗೆ ಜೇಡನ ಬಲೆಯಂಥ ಎಳೆಗಳು. ತೊಗಲಿನ ಕೇಸಿನಲ್ಲಿ ಭದ್ರವಾಗಿಟ್ಟ ಕ್ಯಾಮೆರಾಗಳಿಗೇ ಇದು ಹೆಚ್ಚು. ಗೋಡೆಯ ಮೊಳೆಗೆ ನೇತುಹಾಕಿದ್ದಕ್ಕೆ ಕಡಿಮೆ.

22
ಒಡೆಯರಪಾಳ್ಯದಿಂದ ಬಂದ ಕ್ಯಾಮೆರಾ. ಅಲ್ಲಿ ಟಿಬೆಟಿಯನ್ನರ ವಸತಿ ಇರುವುದು 1970ರ ದಶಕದಿಂದ. ಕೇಸಿನ ತಳದಲ್ಲಿ ಮಡಿಚಿದ ಚೀಟಿ, ಟಿಬೆಟಿ ಲಿಪಿ. ಬಳಸುವ ಕ್ರಮವೋ ಪ್ರಾರ್ಥನೆಯೋ ಯಾರಿಗೂ ಓದಲು ಬರಲಿಲ್ಲ. ಕ್ಯಾಮೆರಾ ಸರಿಯಾದ ಮೇಲೆ ಚೀಟಿಯನ್ನು ಅದೇ ಮಡಿಕೆಯಲ್ಲಿ ಅಲ್ಲೇ ಇಟ್ಟರು.

23
ಹಳೆಯ ಸೂಪರ್ ಟಾಕುಮರ್ 50 ಎಂಎಂ. ಗಾಜು ಹಳದಿಯಾಗಿದೆ, ತೆಳು ಟೀಯಂತೆ. ಗಾಜಿನಲ್ಲಿ ಥೋರಿಯಂ ಸೇರಿಸಿದ್ದಾರೆ. ಅದರ ವಿಕಿರಣದಿಂದ ಗಾಜೇ ಹಳದಿಗಟ್ಟುತ್ತದೆ. ಮದ್ದು ಬಿಸಿಲು. ತಾರಸಿಯ ಮೇಲೆ ಬೆಳ್ಳಿ ಕಾಗದ ಹಾಸಿ ಮೂರು ವಾರ ಒಣಗಿಸಿದರು. ಪಕ್ಕದ ಸೀರೆಯ ಮೇಲೆ ಸಂಡಿಗೆ. ಕಾಗೆಗೆಂದು ಕಟ್ಟಿದ ಕರಿ ಬಟ್ಟೆ ಎರಡಕ್ಕೂ ಒಂದೇ.

24
1983ರಿಂದ ರೀಲಿನ ಡಬ್ಬಿಯ ಮೇಲೆ ಚೌಕಗಳು ಬಂದವು. ಕೆಲವು ಬೆಳ್ಳಿ, ಕೆಲವು ಕಪ್ಪು. ಡಿಎಕ್ಸ್ ಕೋಡು. ಕ್ಯಾಮೆರಾ ಅವನ್ನು ಮುಟ್ಟಿ ರೀಲು 100ರದೋ 400ರದೋ ಎಂದು ತಿಳಿಯುತ್ತದೆ. ಕಪ್ಪು ಬರಿಯ ಬಣ್ಣ, ಬ್ಲೇಡಿನಿಂದ ಕೆರೆದರೆ ಬೆಳ್ಳಿ. ಬೆಳ್ಳಿಗೆ ಟೇಪು ಅಂಟಿಸಿದರೆ ಕಪ್ಪು. ಗುಂಡಿಯೇ ಇಲ್ಲದ ಕ್ಯಾಮೆರಾಕ್ಕೆ ಹೀಗೆ ಗುಂಡಿ ಬರುತ್ತದೆ.

25
ಮೋಟಾರಿನ ಕ್ಯಾಮೆರಾಗಳು ರೀಲು ಮುಗಿದ ಮೇಲೆ ನಾಲಿಗೆಯನ್ನೂ ಒಳಗೆ ನುಂಗುತ್ತವೆ. ಕ್ಯಾನನ್ ಇಒಎಸ್ 5ರಲ್ಲಿ, 1992, ನುಂಗಬೇಡ ಎಂದು ಹೇಳುವ ದಾರಿಯಿದೆ. ನಾಲಿಗೆ ಹೊರಗಿದ್ದರೆ ಅರ್ಧ ರೀಲು ತೆಗೆದು, ಬೇರೆ ಹಾಕಿ, ಮತ್ತೆ ಇದನ್ನೇ ಹಾಕಬಹುದು. ನಾಲಿಗೆಯ ಮೇಲೆ ಪೆನ್ಸಿಲ್ಲಿನಲ್ಲಿ 14 ಎಂದು ಬರೆದ ರೀಲೊಂದು ಡ್ರಾಯರಿನಲ್ಲಿದೆ. ಮುಂದಿನ 22 ಯಾರೂ ಹೊಡೆದಿಲ್ಲ.

26
ಅದೇ ಕಂಪನಿಯ ಕೆಲವು ಕ್ಯಾಮೆರಾಗಳು ರೀಲಿನ ತೂತುಗಳನ್ನು ಎಣಿಸಲು ಒಳಗೊಂದು ಇನ್‌ಫ್ರಾರೆಡ್ ದೀಪ ಉರಿಸುತ್ತವೆ. ಕತ್ತಲೆಗೆಂದೇ ಕಟ್ಟಿದ ಪೆಟ್ಟಿಗೆಯೊಳಗೆ ದೀಪ.

27
ಡ್ರಾಯರಿನಲ್ಲಿ 'ಇಂದು' ಎಂಬ ಹೆಸರಿನ ರೀಲಿನ ಖಾಲಿ ಪೊಟ್ಟಣವೂ ಇದೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್, 1960ರಲ್ಲಿ ಸ್ಥಾಪನೆ. ಕಾರ್ಖಾನೆ ಮುಚ್ಚಿದೆ. ಪೊಟ್ಟಣದಲ್ಲಿ ಈಗ ಏಲಕ್ಕಿ.

28
ಯಳಂದೂರು. ಬಳೆ ಮಂಟಪದ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಈ ಊರಿನ ಮನೆ ಮನೆಯಲ್ಲೂ ಇದ್ದ ಹಾಗಿದೆ. ನಾನು ನೋಡಿದ ನಾಲ್ಕರಲ್ಲಿ ಮೂರು ಓರೆ. ಕಲ್ಲಿನ ಬಳೆಗಳು ಬರಲಿ ಎಂದು ಕ್ಯಾಮೆರಾ ಮೇಲೆತ್ತಿದ್ದಾರೆ. ಜನರ ಕಾಲು ಹೋಗಿದೆ.

29
ಆ ಮನೆಗಳಲ್ಲಿ ಒಂದರಿಂದ ಬಂದದ್ದು ಆಗ್ಫಾ ಕ್ಲಿಕ್ ತ್ರೀ. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಮಾಡಿದ್ದು. ಒಂದು ರೀಲಿಗೆ 12 ಚೌಕದ ಚಿತ್ರ. ಹಿಂದೆ ಕೆಂಪು ಕಿಟಕಿ, ಅದರಲ್ಲಿ ರೀಲಿನ ಕಾಗದದ ಮೇಲೆ ಅಚ್ಚಾದ ಅಂಕಿ ಕಾಣುತ್ತದೆ. ಇದರಲ್ಲಿ ಯಾಮಾರಿಸಲು ಏನೂ ಇಲ್ಲ ಎಂದರು ರಿಪೇರಿಯವರು. ಮಿಷನ್ನೇ ಇಲ್ಲ, ಬರಿ ಸ್ಪ್ರಿಂಗು.

30
ತಂದವರು ವಯಸ್ಸಾದ ಅಮ್ಮ, ಜೊತೆಗೆ ಮೊಮ್ಮಗ. ಕಿಟಕಿಯಲ್ಲಿ 9. ಒಳಗೆ ರೀಲಿದೆ.
"ಬಾಗ್ಲು ತೆಗೀಬ್ಯಾಡಿ ಕನಪ್ಪ."
"ತೆಗೀದೆ ಹೆಂಗಮ್ಮ ಮಾಡದು?"
"ಮುಂದ್ಗಡೆಯಿಂದ ಮಾಡಿ. ಅವ್ರು ಹೊಡ್ದಿರದು ಒಳಗದೆ."
ಎಷ್ಟು ವರ್ಷದ್ದು ಎಂದು ಕೇಳಿದರು. ಮೊಮ್ಮಗ ಹುಟ್ಟುವ ಮೊದಲಿನದು. ತೊಳೆಸಿಕೊಡಲೇ ಅಂದರು. ಬೇಡ. ಇನ್ನೂ ಮುಗಿದಿಲ್ಲ.

31
ಕರಿ ಬಟ್ಟೆಯ ಚೀಲದೊಳಗೆ ಎರಡು ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದರು. ಚೀಲದೊಳಗೆ ಹೇಗೂ ಕಾಣುವುದಿಲ್ಲ. ಕಣ್ಣು ಯಾಕೆ ಮುಚ್ಚಿದರು ಎಂದು ಕೇಳಬೇಕೆಂದಿದ್ದೆ. ಸ್ಪ್ರಿಂಗಿನ ಕೊಂಡಿ ಕಳಚಿತ್ತು. ಹೊರಗೆ ತೆಗೆದಾಗ ಶಟರ್ ಬೀಳುತ್ತಿತ್ತು. ಕಿಟಕಿಯಲ್ಲಿ 9. ನೂರು ರೂಪಾಯಿ ತೆಗೆದುಕೊಂಡರು.

32
ಎರಡು ತಿಂಗಳ ಮೇಲೆ ಅದೇ ಕ್ಯಾಮೆರಾ ಮತ್ತೆ ಅಂಗಡಿಯಲ್ಲಿತ್ತು. ಭುಜದ ಪಟ್ಟಿ ಕಿತ್ತಿದೆಯಂತೆ, ಬೇರೆ ತೊಂದರೆಯಿಲ್ಲ. ರಿಪೇರಿಯವರು ಅದನ್ನು ತಿರುಗಿಸಿ ನನಗೆ ಬೆನ್ನು ತೋರಿಸಿದರು. ಕಿಟಕಿಯಲ್ಲಿ 10.