ಹೊಳೆ ಬದಿಯ ಸಮತಟ್ಟು ಜಾಗ ಎಲ್ಲಿಂದ ಬಂತು?

ಮಳೆಗಾಲ ಶುರುವಾಯಿತೆಂದರೆ ಘಟ್ಟದ ಊರುಗಳಿಂದ ನಮಗೆ ಬರುವ ವಾಯ್ಸ್ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಸುತ್ತದೆ. ‘ನಮ್ಮ ಮನೆ ಗುಡ್ಡದ ಬುಡದಲ್ಲಿಲ್ಲ, ಹೊಳೆ ಬದಿಯ ಬಯಲಲ್ಲಿದೆ. ಗುಡ್ಡ ದೂರ. ನಮಗೇನೂ ಭಯ ಇಲ್ಲ ಅಲ್ವಾ?’

‘ಇದೆ’ ಅಥವಾ ‘ಇಲ್ಲ’ ಎಂದು ಒಂದೇ ಮಾತಲ್ಲಿ ಉತ್ತರ ಕೊಡುವ ಪ್ರಶ್ನೆ ಅಲ್ಲ ಇದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇವೆ. ಪುರುಸೊತ್ತು ಮಾಡಿಕೊಂಡು ಓದಿ, ಮನೆಯಲ್ಲಿ ಹಿರಿಯರಿದ್ದರೆ ಓದಿ ಹೇಳಿ.

ಮೊದಲು ವಯನಾಡಿನ ಲೆಕ್ಕ ನೋಡೋಣ. 2024ರ ಜುಲೈ 30ರ ನಸುಕಿಗೆ ಮೊದಲೇ, ಎಲ್ಲರೂ ಮಲಗಿದ್ದಾಗ, ಪುಂಜಿರಿಮಟ್ಟದ ಮೇಲಿನ ಬೆಟ್ಟ ಒಡೆಯಿತು. ಒಡೆದ ಜಾಗ ಸಮುದ್ರ ಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿತ್ತು. ಅಲ್ಲಿಂದ ಹೊರಟ ಮಣ್ಣು, ಬಂಡೆ, ಮರಗಳು ಹೊಳೆಯ ದಾರಿ ಹಿಡಿದು ಸುಮಾರು 8 ಕಿಲೋಮೀಟರ್ ಇಳಿದವು ಎಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಮುಂಡಕ್ಕೈ, ಚೂರಲ್‌ಮಲ ಎರಡೂ ಆ ದಾರಿಯಲ್ಲೇ ಇದ್ದವು. 250ಕ್ಕೂ ಹೆಚ್ಚು ಜನ ಹೋದರು. ನಮ್ಮ ಚಾಮರಾಜನಗರ, ಮಂಡ್ಯ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರೂ ಅವರಲ್ಲಿದ್ದರು. ಎಷ್ಟೋ ಶವಗಳು ಸಿಕ್ಕಿದ್ದು ಪಕ್ಕದ ಮಲಪ್ಪುರಂ ಜಿಲ್ಲೆಯ ಚಾಲಿಯಾರ್ ನದಿಯಲ್ಲಿ.

ಚೂರಲ್‌ಮಲದಲ್ಲಿ ಹೊಳೆ ಎಷ್ಟು ಅಗಲವಾಗಿಬಿಟ್ಟಿತ್ತೆಂದರೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು 190 ಅಡಿಯ ಬೈಲಿ ಸೇತುವೆ ಕಟ್ಟಬೇಕಾಯಿತು. ಆಮೇಲಷ್ಟೇ ಆಚೆ ದಡಕ್ಕೆ ಜೆಸಿಬಿ ಹೋಗಲು ದಾರಿಯಾಯಿತು.

ಇಂಥದ್ದಕ್ಕೆ ಕನ್ನಡದಲ್ಲಿ ನಾವು ‘ಗುಡ್ಡ ಕುಸಿತ’ ಅನ್ನುತ್ತೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಬೆಟ್ಟಗಳು ಒಡೆದಾಗ ‘ಜಲಸ್ಫೋಟ’ ಎಂಬ ಮಾತೂ ಓಡಾಡಿತು. ಕುಸಿತ ಎಂದ ಕೂಡಲೇ ನಮ್ಮ ಕಣ್ಣು ಮನೆಯ ಹಿಂದಿನ ಬರೆಯ ಕಡೆ ಹೋಗುತ್ತದೆ. ಮಲಯಾಳಿಗಳು ಇದಕ್ಕೆ ‘ಉರುಳ್ ಪೊಟ್ಟಲ್’ ಅನ್ನುತ್ತಾರೆ. ಅದರಲ್ಲಿರುವ ‘ಉರುಳು’ ನಮಗೂ ಗೊತ್ತಿರುವ ಮಾತೇ. ಬಿದ್ದದ್ದು ಬಿದ್ದಲ್ಲೇ ನಿಲ್ಲದೆ ಉರುಳಿಕೊಂಡು ಮುಂದೆ ಹೋಗುತ್ತದೆ. ಭೂವಿಜ್ಞಾನಿಗಳು ಹೇಳುವ ‘ಡೆಬ್ರಿ ಫ್ಲೋ’ ಎಂದರೂ ಅದೇ. ಕುಸಿಯುವುದು ಗುಡ್ಡದಲ್ಲಿ, ಕೊಲ್ಲುವುದು ಹೆಚ್ಚಾಗಿ ಹೊಳೆ ಬದಿಯಲ್ಲಿ.

ಇದು ಹೇಗೆ ಆಗುತ್ತದೆ? ಒಂದು ಲೆಕ್ಕದಿಂದ ಶುರು ಮಾಡೋಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ವಯನಾಡಿನ ಕಳ್ಳಾಡಿ ಎಂಬಲ್ಲಿ ಆ ಎರಡು ದಿನಗಳಲ್ಲಿ ಸುಮಾರು 572 ಮಿ.ಮೀ. ಮಳೆ ದಾಖಲಾಯಿತು. ಕೊಡಗಿನ ತೋಟದವರ ಲೆಕ್ಕದಲ್ಲಿ ಹೇಳುವುದಾದರೆ 22 ಇಂಚಿಗಿಂತ ಹೆಚ್ಚು. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಒಂದೇ ಗುಂಟೆ ಮೇಲೆ ಬಿದ್ದ ನೀರು 57 ಸಾವಿರ ಲೀಟರಿಗೂ ಹೆಚ್ಚಾಯಿತು. 5 ಸಾವಿರ ಲೀಟರಿನ ಟ್ಯಾಂಕರ್ ಆದರೆ ಹನ್ನೊಂದು ತುಂಬಿಯೂ ಮಿಕ್ಕುತ್ತದೆ. ಇಡೀ ಬೆಟ್ಟಕ್ಕೆ ಎಷ್ಟಾಯಿತು ಎಂದು ನೀವೇ ಯೋಚಿಸಿ.

ಪಶ್ಚಿಮ ಘಟ್ಟದ ಬೆಟ್ಟಗಳಲ್ಲಿ ಅಡಿಯಲ್ಲಿ ಗಟ್ಟಿ ಬಂಡೆ, ಮೇಲೆ ಸಾವಿರಾರು ವರ್ಷ ಕೊಳೆತು ಆದ ಮಣ್ಣು. ಬಿದ್ದ ನೀರಲ್ಲಿ ಒಂದಷ್ಟು ಹರಿದುಹೋಗುತ್ತದೆ, ಉಳಿದದ್ದು ಇಂಗುತ್ತದೆ. ಇಂಗಿದ ನೀರು ಬಂಡೆಯವರೆಗೆ ಹೋಗಿ ಅಲ್ಲಿ ನಿಲ್ಲುತ್ತದೆ. ಹೊರಗೆ ಹೋಗಲು ದಾರಿ ಸಾಲದಾದಾಗ ಆ ನೀರಿನ ಒತ್ತಡ ಮಣ್ಣಿನ ಕಣಗಳನ್ನು ಒಂದಕ್ಕೊಂದು ತಾಗದಂತೆ ಎತ್ತಿಹಿಡಿಯುತ್ತದೆ. ಕಣಕ್ಕೆ ಕಣದ ಹಿಡಿತ ತಪ್ಪಿದ ಕ್ಷಣ ಗುಡ್ಡ ಜಾರುತ್ತದೆ.

ಬೆಟ್ಟದ ಮೇಲ್ಭಾಗದಲ್ಲಿ ತೊರೆಗಳು ಹುಟ್ಟುವ ಮಡಿಕೆಗಳಿರುತ್ತವಲ್ಲ, ಅಲ್ಲಿ ಅಪಾಯ ಹೆಚ್ಚು. ಅಕ್ಕಪಕ್ಕದ ಇಳಿಜಾರಿನ ಮಣ್ಣೂ ಕಲ್ಲೂ ವರ್ಷಗಟ್ಟಲೆ ಜಾರಿ ಅಲ್ಲೇ ತುಂಬಿಕೊಂಡಿರುತ್ತವೆ, ಮಳೆ ನೀರೂ ಅಲ್ಲಿಗೇ ಬಂದು ಸೇರುತ್ತದೆ.

ಹಾಗೆ ಜಾರಿದ್ದು ತೊರೆಗೆ ಬಿದ್ದ ಮೇಲೆ ಮನೆಗೆ ಮೋಲ್ಡ್ ಹಾಕುವ ದಿನವನ್ನು ನೆನಪಿಸಿಕೊಳ್ಳಿ. ಹಸಿ ಕಾಂಕ್ರೀಟ್‌ನಲ್ಲಿ ಜಲ್ಲಿ ತಳಕ್ಕೆ ಮುಳುಗುವುದಿಲ್ಲ, ಸಿಮೆಂಟಿನ ಜೊತೆಗೇ ಸಾಗುತ್ತದೆ. ಇಲ್ಲೂ ಹಾಗೆಯೇ. ನೀರಿಗಿಂತ ಸುಮಾರು ಎರಡು ಪಟ್ಟು ತೂಕದ ಆ ಕೆಸರಿನಲ್ಲಿ ಆನೆ ಗಾತ್ರದ ಬಂಡೆಯೂ ಸಾಗುತ್ತದೆ. ದೊಡ್ಡ ಬಂಡೆ, ಮರದ ದಿಮ್ಮಿಗಳು ಮುಂದಿರುತ್ತವೆ, ಕೆಸರು ಹಿಂದಿನಿಂದ ತಳ್ಳುತ್ತದೆ. ದಾರಿಯಲ್ಲಿ ತೊರೆಯ ತಳವನ್ನೂ ದಂಡೆಯನ್ನೂ ಕೆರೆದುಕೊಂಡು ಇನ್ನೂ ದೊಡ್ಡದಾಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ದಿಮ್ಮಿಗಳು ಸಿಕ್ಕಿಕೊಂಡರೆ ಸ್ವಲ್ಪ ಹೊತ್ತು ಕಟ್ಟೆ ಕಟ್ಟಿದಂತೆ ನಿಂತು, ಆಮೇಲೆ ಒಮ್ಮೆಲೇ ಒಡೆಯುತ್ತದೆ. ಕಡಿದಾದ ಕಣಿವೆಯಲ್ಲಿ ಇದರ ವೇಗ ಗಂಟೆಗೆ 50 ಕಿಲೋಮೀಟರ್ ದಾಟಬಹುದು. ಓಡಿ ಗೆಲ್ಲುವ ಮಾತಿಲ್ಲ.

ಇಳಿಜಾರು ಕಡಿಮೆಯಾಗಿ ಕಣಿವೆ ಅಗಲವಾಗುವಲ್ಲಿ ಇದರ ಕಸುವು ಕುಗ್ಗುತ್ತದೆ. ಹೊತ್ತು ತಂದದ್ದನ್ನೆಲ್ಲ ಬೀಸಣಿಗೆಯ ಹಾಗೆ ಹರಡಿ ನಿಲ್ಲುತ್ತದೆ. ಅದರ ಮೇಲೆ ಹುಲ್ಲು ಬೆಳೆಯುತ್ತದೆ, ಕಾಡು ಬರುತ್ತದೆ. ನೂರಾರು ವರ್ಷದ ಮೇಲೆ ಮನುಷ್ಯ ಬಂದು ನೋಡಿದರೆ ಕಾಣುವುದು ಘಟ್ಟದಲ್ಲಿ ಅಪರೂಪವಾದ ಸಮತಟ್ಟು ಜಾಗ, ಒಳ್ಳೆಯ ಮಣ್ಣು, ಪಕ್ಕದಲ್ಲೇ ನೀರು. ಯಾರು ತಾನೇ ಬಿಟ್ಟಾರು? ಮನೆ ಕಟ್ಟುತ್ತಾರೆ, ಅಡಿಕೆ ನೆಡುತ್ತಾರೆ.

ಮಡಿಕೇರಿ ಘಟ್ಟದ ಕೆಳಗೆ ಅಂಥದ್ದೇ ಒಂದು ಜಾಗದಲ್ಲಿ ನಮ್ಮ ತಂಡದ ಗೆಳತಿಯೊಬ್ಬಳ ಮನೆ ಇದೆ. ಮಳೆ ಬಿಟ್ಟ ಮೇಲೆ ನಾವು ನಾಲ್ವರು ಅಲ್ಲಿಗೆ ಹೋಗಿದ್ದೆವು. ತೋಟದ ಸುತ್ತ ಎದೆಯೆತ್ತರದ ಕಲ್ಲಿನ ಪಾಗಾರ. ಇಷ್ಟು ಕಲ್ಲು ಎಲ್ಲಿಂದ ತಂದಿರಿ ಎಂದು ಅಜ್ಜನನ್ನು ಕೇಳಿದೆವು.

‘ತರುವುದೆಂಥದ್ದು ಮಕ್ಕಳೇ, ಎಲ್ಲ ಈ ತೋಟದ್ದೇ. ನನ್ನ ಅಪ್ಪ ಗುಂಡಿ ತೆಗೆಯುವಾಗ ಗಿಡಕ್ಕಿಂತ ಹೆಚ್ಚು ಕಲ್ಲೇ ಎತ್ತಿದ್ದರು’ ಅಂದರು ಅಜ್ಜ.

ಹೊಳೆ ದಂಡೆ ಕೊರೆದಿದ್ದ ಕಡೆ ಇಳಿದು ನೋಡಿದೆವು. ಮಣ್ಣಿನ ನಡುವೆ ಮುಷ್ಟಿಯಷ್ಟು ಕಲ್ಲು, ಅದರ ಪಕ್ಕದಲ್ಲೇ ಕರುವಿನಷ್ಟು ದೊಡ್ಡ ಬಂಡೆ, ಮತ್ತೆ ಸಣ್ಣ ಚೂರು. ಎಲ್ಲ ಕಲಸುಮೇಲೋಗರ. ಎಷ್ಟೋ ಕಲ್ಲುಗಳ ಅಂಚು ಸವೆದಿರಲಿಲ್ಲ. ಹರಿಯುವ ನೀರು ಕಲ್ಲನ್ನು ಹೀಗೆ ಇಡುವುದಿಲ್ಲ. ಅದು ಮರಳನ್ನು ಒಂದು ಕಡೆ, ಉರುಟು ಕಲ್ಲನ್ನು ಇನ್ನೊಂದು ಕಡೆ ವಿಂಗಡಿಸಿ ಇಡುತ್ತದೆ. ಹೀಗೆ ಕಲಸಿ ಬಿಟ್ಟುಹೋಗುವುದು ಬೆಟ್ಟದಿಂದ ಉರುಳಿ ಬಂದ ಕೆಸರು. ಆ ದಂಡೆಯಲ್ಲಿ ಅಂಥ ಪದರ ಎರಡಿದ್ದವು, ನಡುವೆ ಒಂದು ಕಪ್ಪು ಮಣ್ಣಿನ ಗೆರೆ. ಒಂದು ಬಂತು, ಅದರ ಮೇಲೆ ಗಿಡಮರ ಬೆಳೆದು ಕೊಳೆತು ಮಣ್ಣಾಯಿತು, ಆಮೇಲೆ ಇನ್ನೊಂದು ಬಂತು.

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹಾಗಾದರೆ ಈ ಜಾಗ ಹೊಳೆಯದ್ದೇ’ ಅಂದರು.

ಬಂದ ದಾರಿಯಲ್ಲೇ ಮತ್ತೆ ಬರುವುದು ಇದರ ಸ್ವಭಾವ. ಮುಂಡಕ್ಕೈಯಲ್ಲಿ 1984ರಲ್ಲೇ ಬೆಟ್ಟ ಜಾರಿ 14 ಜನ ಸತ್ತಿದ್ದರು. ಹತ್ತಿರದ ಪುದುಮಲದಲ್ಲಿ 2019ರ ಆಗಸ್ಟ್ 8ರಂದು 17 ಜನ ಹೋದರು. 2024ರಲ್ಲಿ ಒಡೆದ ಜಾಗದಲ್ಲೇ ಹಿಂದೆಯೂ ಕುಸಿತವಾಗಿದ್ದ ಗುರುತು ಇಸ್ರೋದ ಹಳೆಯ ದಾಖಲೆಯಲ್ಲಿ ಇತ್ತು.

ಹಾಗೆಂದು ಎಲ್ಲರೂ ಜಾಗ ಬಿಟ್ಟು ಹೋಗಿ ಎಂದು ಹೇಳುವುದು ಸುಲಭ. ಗೆಳತಿಯ ಓದಿಗೆ ದುಡ್ಡು ಬಂದದ್ದು ಅದೇ ಅಡಿಕೆಯಿಂದ, ಸೊಸೈಟಿ ಸಾಲ ಇರುವುದೂ ಅದೇ ಪಹಣಿಯ ಮೇಲೆ. ಆ ರಾತ್ರಿ ಊಟ ಆದ ಮೇಲೆ ಮಾತು ಬೇರೆ ಕಡೆ ತಿರುಗಿತು. ವರ್ಷದ ಯಾವ ರಾತ್ರಿಗಳಲ್ಲಿ ಇಲ್ಲಿ ಮಲಗಬಾರದು? ಹಾಗೆ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಅವು ವರ್ಷಕ್ಕೆ ಹೆಚ್ಚೆಂದರೆ ಹತ್ತು ಹದಿನೈದು ರಾತ್ರಿ. ಚಿಕ್ಕಪ್ಪನ ಮನೆ ಹೊಳೆಯಿಂದ ದೂರ, ದಿಣ್ಣೆಯ ಮೇಲಿದೆ. ಅಜ್ಜಿ ಮಾತ್ರ ಒಪ್ಪಲಿಲ್ಲ. ‘ದನ ಬಿಟ್ಟು ನಾನು ಬರುವುದಿಲ್ಲ’ ಎಂದು ಎದ್ದು ಹೋದರು. ದನ ಕಟ್ಟಲು ಚಿಕ್ಕಪ್ಪನ ಅಂಗಳದಲ್ಲಿ ಶೀಟು ಹಾಕಿಸುವ ಮಾತಾದ ಮೇಲೆ ಬಂದು ಕೂತರು.

ಯಾವ ರಾತ್ರಿ ಎಂದು ತಿಳಿಯುವುದು ಹೇಗೆ? ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಒಂದೇ ದಿನದಲ್ಲಿ 204 ಮಿ.ಮೀ.ಗಿಂತ ಹೆಚ್ಚು ಮಳೆ ಬರಬಹುದು ಎಂದರ್ಥ. ಅದರ ಜೊತೆಗೆ ನಿಮ್ಮ ಮಳೆಯನ್ನು ನೀವೇ ಅಳೆಯಿರಿ. ಬಾಯಿಯೂ ತಳವೂ ಒಂದೇ ಅಗಲ ಇರುವ ಡಬ್ಬಿಯನ್ನು ಮರ, ಮಾಡು ಅಡ್ಡ ಬಾರದ ಕಡೆ ಇಟ್ಟು, ಬೆಳಿಗ್ಗೆ ಸ್ಕೇಲ್ ಇಳಿಸಿದರೆ ಎಷ್ಟು ಮಿ.ಮೀ. ಎಂದು ಗೊತ್ತಾಗುತ್ತದೆ. ಒಂದು ಗುಡ್ಡದ ಆಚೆ ಈಚೆ ಮಳೆ ಎರಡು ಪಟ್ಟು ವ್ಯತ್ಯಾಸ ಇರುವುದುಂಟು. ವಯನಾಡಿನ ಹ್ಯೂಮ್ ಸೆಂಟರ್ ಹೀಗೆ ಊರೂರಿನ ಮಳೆ ಲೆಕ್ಕ ಸೇರಿಸುತ್ತದೆ. ಮುಂಡಕ್ಕೈ ಕಡೆ ಅಪಾಯ ಇದೆ ಎಂದು ಅದು ಹಿಂದಿನ ದಿನವೇ ಎಚ್ಚರಿಸಿತ್ತು.

ಇನ್ನು ಕೆಲವು ಗುರುತು ನೆನಪಿಡಿ. ಜೋರು ಮಳೆ ಸುರಿಯುತ್ತಿದ್ದರೂ ಹೊಳೆ ನೀರು ಒಮ್ಮೆಲೇ ಇಳಿದರೆ ಮೇಲೆ ಎಲ್ಲೋ ಕಟ್ಟಿಕೊಂಡಿದೆ ಎಂದು ತಿಳಿಯಿರಿ. ನೀರು ತಟ್ಟನೆ ದಪ್ಪ ಕೆಸರಾಗುವುದು, ಕಲ್ಲಿಗೆ ಕಲ್ಲು ಬಡಿಯುವ, ಮರ ಮುರಿಯುವ ಸದ್ದು, ಹಸಿ ಮಣ್ಣಿನ ಗಾಢ ವಾಸನೆ ಇವೆಲ್ಲ ಕಂಡರೆ ಕಾಯಬೇಡಿ. ಹೊಳೆಯ ಉದ್ದಕ್ಕೆ ಕೆಳಗೆ ಓಡಬೇಡಿ, ಸೇತುವೆ ದಾಟಬೇಡಿ. ಹೊಳೆಗೆ ಅಡ್ಡಲಾಗಿ ದೂರ, ಎತ್ತರಕ್ಕೆ ಹತ್ತಿ. ಒಂದು ಸಲ ಬಂದು ಹೋಯಿತೆಂದು ವಾಪಸ್ ಇಳಿಯಬೇಡಿ. ವಯನಾಡಿನಲ್ಲಿ ಅದೇ ರಾತ್ರಿ ಗಂಟೆಗಳ ಅಂತರದಲ್ಲಿ ಮತ್ತೆ ಬಂತು. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ತುರ್ತಿಗೆ 112.

ಆದರೆ ಕತ್ತಲಲ್ಲಿ, ಮಳೆಯ ಸದ್ದಿನಲ್ಲಿ, ಕರೆಂಟ್ ಇಲ್ಲದಾಗ ಈ ಗುರುತುಗಳು ಕಾಣುವುದೂ ಕಷ್ಟ, ಕೇಳುವುದೂ ಕಷ್ಟ. ತೀರ್ಮಾನ ಬೇಸಿಗೆಯಲ್ಲೇ ಆಗಬೇಕು. ಎಷ್ಟು ಮಳೆಗೆ ಹೊರಡುವುದು, ಯಾರ ಮನೆಗೆ, ಯಾವ ದಾರಿಯಲ್ಲಿ, ನಡೆಯಲಾರದವರನ್ನು ಯಾರು ಎತ್ತಿಕೊಳ್ಳುವುದು, ದನದ ಹಗ್ಗ ಯಾರು ಬಿಚ್ಚುವುದು, ಇಷ್ಟನ್ನು ಮಾತಾಡಿಕೊಳ್ಳಿ. ನೀರು ಕಡಿಮೆ ಇರುವಾಗ ಒಂದು ದಿನ ಹೊಳೆಗೆ ಇಳಿದು ನಿಮ್ಮ ದಂಡೆಯ ಮಣ್ಣು ನೋಡಿ. ಕಲ್ಲುಗಳು ವಿಂಗಡವಾಗಿವೆಯೋ, ಕಲಸಿಕೊಂಡಿವೆಯೋ? ಕಲಸಿಕೊಂಡಿದ್ದರೆ ಫೋಟೊ ತೆಗೆದು ಪಂಚಾಯಿತಿಗೆ ತೋರಿಸಿ, ಭೂವಿಜ್ಞಾನಿಗಳನ್ನು ಕರೆಸಿ ಪರೀಕ್ಷೆ ಮಾಡಿಸಲು ಗ್ರಾಮಸಭೆಯಲ್ಲಿ ಬರೆಸಿ. ನಮಗೂ ಒಂದು ಫೋಟೊ ಕಳಿಸಿ.