ಸೈಕಲ್ಲಿನ ಆಸನ

ಮನೆಗೆ ಹೊಸ ಸೈಕಲ್ಲು ಬಂದರೆ ಕುಂಕುಮ ಹಚ್ಚಿ ಕಾಯಿ ಒಡೆಯುವರು. ಗಂಟೆಯನ್ನು ಹತ್ತು ಸಲ ಬಾರಿಸಿ ನೋಡುವರು. ಏರುವವರ ಕಾಲಿಗೆ ಆಸನವು ಸರಿಹೊಂದಿರುವದೋ ಇಲ್ಲವೋ ಎಂದು ನೋಡುವವರು ಮಾತ್ರ ವಿರಳ. ಅಂಗಡಿಯವನು ಬಿಗಿದುಕೊಟ್ಟ ಎತ್ತರದಲ್ಲಿಯೇ ಅದು ತುಕ್ಕು ಹಿಡಿಯುವ ತನಕ ನಿಂತಿರುವದು.

ವಿಜಯಪುರ ಜಿಲ್ಲೆಯು ಸೈಕಲ್ ಪಂದ್ಯದ ಪಟುಗಳಿಗೆ ಹೆಸರಾದುದು. ಪಂದ್ಯಕ್ಕಿಳಿಯುವವರು ಆಸನವನ್ನು ಕೂದಲೆಳೆಯ ಲೆಕ್ಕದಿಂದ ಏರಿಳಿಸುವರು. ಅದೇ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಿಂದ ಶಾಲೆಗೆ ಹೋಗುವ ಹುಡುಗಿಯ ಆಸನವನ್ನು ಕೇಳುವವರಾರು? 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡಲಾರಂಭಿಸಿತು. ಒಳ್ಳೆಯ ಕೆಲಸವೇ ಸರಿ. ಆದರೆ ಒಂದೇ ತರಗತಿಯ ಮಕ್ಕಳಲ್ಲಿ ಗೇಣುದ್ದದ ಅಂತರವಿರುವದು. ಐದು ಕಿಲೋಮೀಟರಿನ ದಾರಿಯಲ್ಲಿ ಪೆಡಲು ಸುಮಾರು 1000 ಸುತ್ತು ತಿರುಗುವದು. ಅಷ್ಟು ಸಲವೂ ಮೊಣಕಾಲು ತಪ್ಪಾಗಿ ಮಡಿಚಿದರೆ ನೋಯದೆ ಇದ್ದೀತೆ? ಆಗ ಹಿರಿಯರು, “ಇವಳಿಗೆ ಸೈಕಲ್ಲು ಆಗಿಬರಲಿಲ್ಲ” ಎಂದು ಅದನ್ನು ಬಣವೆಯ ಹಿಂದೆ ನಿಲ್ಲಿಸಿಬಿಟ್ಟರೆ, ಶಾಲೆಯೂ ಅದರೊಡನೆ ನಿಂತೀತು.

ಕುಳಿತಲ್ಲಿಂದಲೇ ಎರಡೂ ಪಾದಗಳು ನೆಲಕ್ಕೆ ಊರಬೇಕೆಂಬುದು ಸಾಮಾನ್ಯ ನಂಬಿಕೆ. ಕಲಿಯುವ ಮೊದಲ ವಾರಕ್ಕೆ ಅದು ಸರಿ. ಆ ಮೇಲೆ ಅದೇ ಮೊಣಕಾಲಿನ ಮುಂಭಾಗದ ನೋವಿಗೆ ಕಾರಣವಾಗುವದು. ಗೋಡೆ ಹಿಡಿದು ಕುಳಿತು, ಪೆಡಲನ್ನು ಪೂರ್ತಿ ಕೆಳಗಿಳಿಸಿ ಹಿಮ್ಮಡಿಯನ್ನು ಅದರ ಮೇಲಿಡಬೇಕು. ಕಾಲು ನೆಟ್ಟಗಾದರೆ ಎತ್ತರ ಸರಿಯೆಂದು ತಿಳಿಯಬಹುದು. ಅನಂತರ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು 25ರಿಂದ 35 ಅಂಶದಷ್ಟು ಮಡಿಚಿರುವದು. ಆಸನವು ಅತಿ ಎತ್ತರವಾದರೆ ಸೊಂಟವು ಅತ್ತಿತ್ತ ಓಲಾಡುವದು. ಮೊಣಕಾಲಿನ ಹಿಂಬದಿ ಸೆಳೆಯುವದು.

ಆಸನದ ಮೂತಿಯೂ ನೆಲಕ್ಕೆ ಸಮನಾಗಿರಬೇಕು. ಮೇಲಕ್ಕೆದ್ದರೆ ತೊಡೆಸಂದಿಯ ನರಗಳು ಒತ್ತಿ ಜೋಮು ಹಿಡಿಯುವದು. ಬಾಗಿದರೆ ದೇಹದ ಭಾರವೆಲ್ಲ ಅಂಗೈಗೆ ಬೀಳುವದು. ಮೆತ್ತನೆಯ ಹೊದಿಕೆ ಹಾಕಿಸುವದು ಇದಕ್ಕೆ ಮದ್ದಲ್ಲ. ಪೃಷ್ಠದ ಎರಡು ಎಲುಬುಗಳಿಗೆ ಗಟ್ಟಿಯಾದ ಆಧಾರ ಬೇಕು. ಅತಿ ಮೆತ್ತಗಿದ್ದರೆ ಅವು ಒಳಗಿಳಿದು ನಡುವಿನ ಮಾಂಸವೇ ಒತ್ತುವದು.

ಇದಕ್ಕೆಲ್ಲ ಬೇಕಾದುದು ಒಂದು ಪಾನಾ, ಐದು ನಿಮಿಷ. ಆಸನದ ಕೊಳವೆಯ ಮೇಲೆ ಕಡೆಯ ಗೆರೆಯೊಂದಿದ್ದರೆ ಅದು ಹೊರಗೆ ಕಾಣುವಷ್ಟು ಎತ್ತಲಾಗದು, ಕೊಳವೆ ಮುರಿದೀತು. ಬೆಳೆಯುವ ಮಕ್ಕಳಿಗೆ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ತಂದೆಯೂ ಮಗಳೂ ಒಂದೇ ಸೈಕಲ್ಲನ್ನು ಏರುವ ಮನೆಯಲ್ಲಿ ಕೊಳವೆಗೆ ಎರಡು ಬಣ್ಣದ ಗೆರೆ ಎಳೆದಿಟ್ಟರೆ, ಹೊಲದಿಂದ ಬಂದವನು ಮರುದಿನದ ಶಾಲೆಗಾಗಿ ರಾತ್ರಿಯೇ ಆಸನವನ್ನು ಮಗಳ ಗೆರೆಗೆ ಇಳಿಸಿಡಬಹುದು.